ಹೊಳೆಗೆ ಬಿಟ್ಟ ಹದಿನಾರು ಪುಟ

ಝುಲೈಖಾ ಅವರಿಗೆ ಬರೆಯದೆ ಓದಲು ಬರುವುದಿಲ್ಲ. ಸಾಕ್ಷರತಾ ಆಂದೋಲನದ ಕಾಲದಲ್ಲಿ, ನಲವತ್ತಮೂರರ ಪ್ರಾಯದಲ್ಲಿ, ಕೋಡಿಂಬಾಳದ ಶಾಲೆಯ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಜೊತೆ ಕೂತು ಅಕ್ಷರ ಕಲಿತವರು ಅವರು. ಕಲಿಸಿದ ಟೀಚರು ಪಾಠವನ್ನು ನೋಡಿ ಬರೆಸುತ್ತಿದ್ದರೇ ಹೊರತು ಓದಿಸುತ್ತಿರಲಿಲ್ಲ. ಹಾಗಾಗಿ ಎಪ್ಪತ್ತೆಂಟರ ಈ ವಯಸ್ಸಿನಲ್ಲೂ ಮದುವೆಯ ಕಾಗದವಾಗಲಿ, ಮದ್ದಿನ ಚೀಟಿಯಾಗಲಿ, ಒಂದು ನೋಟ್‌ಬುಕ್ಕಿಗೆ ಅಕ್ಷರ ಅಕ್ಷರವಾಗಿ ಇಳಿಸಿಕೊಂಡರೆ ಮಾತ್ರ ಅವರ ತಲೆಗೆ ಹೋಗುತ್ತದೆ.

“ಕರೆಂಟ್ ಬಿಲ್ಲನ್ನೂ ಬರೀತಾರೆ ಮಾರಾಯ್ರೆ,” ಎಂದಳು ಸೊಸೆ ನುಸ್ರತ್. “ಬರ್ದು ಮುಗಿಯುವಾಗ ಮುಂದಿನ ತಿಂಗಳ ಬಿಲ್ ಬಂದಿರ್ತದೆ.”

“ಬರ್ದದ್ದು ಮರೆಯುದಿಲ್ಲ,” ಎಂದರು ಅತ್ತೆ. “ನೀನು ಮೊಬೈಲಲ್ಲಿ ಓದಿದ್ದು ನಿನಗೆ ಸಂಜೆವರೆಗೆ ನೆನಪುಂಟಾ?”

ಊರಿನ ಹಳೆಯ ಬರಹಗಾರರ ಬಗ್ಗೆ ಬರೆಯುವವಳಾದ ನಾನು ಅವರ ಮನೆಗೆ ಹೋದದ್ದು ಅವರ ತಾಯಿಯ ತಂದೆ ಪೊಡಿಯಬ್ಬರ ಬಗ್ಗೆ ಕೇಳಲು. ನಾಲ್ಕು ಸಲ ಹೋಗಿ ಕೇಳಿದ ಮೇಲೆ ಬರೆಯಬೇಕಾದದ್ದು ಮೊಮ್ಮಗಳ ಬಗ್ಗೆ ಎಂದು ನನಗೆ ಅನಿಸಿತು. ಆದರೆ ಅಜ್ಜನನ್ನು ಬಿಟ್ಟು ಅದನ್ನು ಹೇಳಲು ಆಗುವುದಿಲ್ಲ.

ಪೊಡಿಯಬ್ಬ ಬ್ರಿಟಿಷರ ಕಾಲದಲ್ಲಿ ಮಂಡೆಕೋಲು, ಅರಂತೋಡು ಕಡೆ ಒಣಮೀನು ಹೊತ್ತು ಮಾರುತ್ತಿದ್ದ ಬ್ಯಾರಿ, ಎಂದರೆ ಕರಾವಳಿಯ ಮುಸಲ್ಮಾನ. ಮೀನು ಕಟ್ಟಿಕೊಡಲು ತರುತ್ತಿದ್ದ ಹಳೆಯ ಪತ್ರಿಕೆಗಳನ್ನು ಕಟ್ಟುವ ಮೊದಲು ಓದಿ ಓದಿ ಕನ್ನಡ ಕಲಿತರು. ಆಮೇಲೆ ಬರೆಯಲು ಶುರು ಮಾಡಿದರು. ಎಂಟು ಪುಟ, ಹದಿನಾರು ಪುಟದ ಸಣ್ಣ ಪುಸ್ತಕಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿ ತಂದು ಮೀನಿನ ಜೊತೆಗೆ ಮನೆಮನೆಗೆ ಕೊಡುತ್ತಿದ್ದರು. ಹೆಣ್ಣುಮಕ್ಕಳಿಗೆ ಅಕ್ಷರ ಬೇಕು ಎಂದು ಒಂದು. ಮದುಮಗನ ಮನೆಯವರು ಚಿನ್ನ ಕೇಳುವುದು ಭಿಕ್ಷೆಗಿಂತ ಕೀಳು ಎಂದು ಒಂದು. ತುಳುವರೂ ಬ್ಯಾರಿಗಳೂ ಒಂದೇ ಹೊಳೆಯ ನೀರು ಕುಡಿದು ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದೆ ಇರುವುದು ಎಂಥ ಬುದ್ಧಿ ಎಂದು ಇನ್ನೊಂದು.

ಕಾಗದದ ಗತಿ ಏನಾಗುತ್ತದೆ ಎಂದು ಅವರಷ್ಟು ತಿಳಿದವರಿರಲಿಲ್ಲ. ಉಪ್ಪು ಕಟ್ಟುತ್ತಾರೆ, ಒಲೆಗೆ ಹಾಕುತ್ತಾರೆ. ಅದಕ್ಕೆ ಒಂದು ಉಪಾಯ ಮಾಡಿದರು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಬಿಸ್ಮಿ, ಅಂದರೆ ಅಲ್ಲಾಹನ ಹೆಸರಿನಿಂದ ಆರಂಭಿಸುವ ವಾಕ್ಯ, ಅಚ್ಚು ಹಾಕಿಸಿದರು. ದೇವರ ಹೆಸರಿರುವ ಕಾಗದವನ್ನು ನಮ್ಮಲ್ಲಿ ಯಾರೂ ನೆಲಕ್ಕೆ ಹಾಕುವುದಿಲ್ಲ, ಮೆಟ್ಟುವುದಿಲ್ಲ, ಸುಡುವುದಿಲ್ಲ. ಓದದಿದ್ದರೂ ಇಟ್ಟುಕೊಳ್ಳುತ್ತಾರೆ ಎಂದು ಅವರ ಲೆಕ್ಕ.

ಕೊನೆಯ ಪುಸ್ತಕದ ಹೆಸರು ‘ಮೂರು ಪಿಡಿ ಮಣ್ಣು’. ಅದು 1935ರದ್ದು. ಅದರ ಹಿಂದಿನ ಮಳೆಗಾಲದಲ್ಲಿ ಊರಿಗೆ ಕೊಲೆರಾ ಬಂದಿತ್ತು. ಪೊಡಿಯಬ್ಬರ ಹಿರಿಮಗಳು ಬೀಬಿಗೆ, ಹದಿನೈದು ವರ್ಷದವಳಿಗೆ, ವಾಂತಿಭೇದಿ ಹಿಡಿಯಿತು. ಮುಟ್ಟಲು ಯಾರೂ ಬರಲಿಲ್ಲ. ಬಂದವನು ಸೀನ. ಊರಿನ ಗುತ್ತಿನ ಮನೆಯ, ಎಂದರೆ ಜಮೀನ್ದಾರರ ಮನೆಯ ಆಳು. ಜನ ಅವನನ್ನು ಜಗಲಿಯ ಕೆಳಗೆ ನಿಲ್ಲಿಸುವ ಜಾತಿಯವನು. ಹುಡುಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊಳೆ ದಾಟಿ ಸುಳ್ಯಕ್ಕೆ ಹೊರಟ. ದಾರಿಯಲ್ಲೇ ಅವಳು ತೀರಿಕೊಂಡಳು. ಅದೇ ಹೆಗಲ ಮೇಲೆ ವಾಪಸು ತಂದ.

ನಮ್ಮಲ್ಲಿ ಮಣ್ಣು ಮಾಡುವಾಗ ಬಂದವರೆಲ್ಲ ಗೋರಿಗೆ ಮೂರು ಮೂರು ಪಿಡಿ ಮಣ್ಣು ಹಾಕುವ ಕ್ರಮ ಉಂಟು. ಸೀನನೂ ಒಂದು ಪಿಡಿ ಮಣ್ಣು ಹಿಡಿದು ಬಂದ. ಮಸೀದಿಯ ಹಿರಿಯ ಹೈದರ್ ಹಾಜಿ ಗೋರಿಯ ಬದಿಯಲ್ಲೇ ತಡೆದು, ನಿನ್ನದು ಸಾಕು, ಹೋಗು ಎಂದರು. ಅತ್ತ ಗುತ್ತಿನ ಯಜಮಾನ ಸಂಕಪ್ಪ, ಬ್ಯಾರಿಯ ಹೆಣ ಹೊತ್ತವನು ನನ್ನ ಜಾಗದಲ್ಲಿ ಕಾಲಿಡಬಾರದು ಎಂದ. ಸೀನನ ಗುಡಿಸಲು ಇದ್ದದ್ದೂ ಅವನ ಜಾಗದಲ್ಲೇ. ಏಳು ದಿನ ಸೀನ ಸುರಿಯುವ ಮಳೆಯಲ್ಲಿ ಗೇರುಮರದ ಬುಡದಲ್ಲಿ ಕೂತ. ಹೆಂಡತಿ ತೆಂಗಿನ ಗೆರಟೆಯಲ್ಲಿ ಗಂಜಿ ತಂದು ದೂರ ಇಟ್ಟು ಹೋಗುತ್ತಿದ್ದಳು.

ಇದನ್ನೆಲ್ಲ ಪೊಡಿಯಬ್ಬ ಹೆಸರು ಹಾಕಿ ಬರೆದರು. ಹಾಜಿಯದ್ದೂ ಬರೆದರು, ಸಂಕಪ್ಪನದ್ದೂ ಬರೆದರು. ಕೊನೆಗೆ ತನ್ನದನ್ನೂ ಬರೆದರು: “ನನ್ನ ಮಗಳನ್ನು ಹೊತ್ತ ಕೈ, ಅವಳಿಗೆ ಮಣ್ಣು ಹಾಕಲು ಆಗದ ಕೈ ಆಯಿತು. ನಾನು ಅಲ್ಲಿಯೇ ಇದ್ದೆ. ಒಂದು ಮಾತು ಆಡಲಿಲ್ಲ.”

ಪುಸ್ತಕ ಊರಿಗೆ ಬಂದ ವಾರದಲ್ಲೇ ಮಸೀದಿಯ ಜಮಾಅತಿನವರು ಪೊಡಿಯಬ್ಬರನ್ನು ಕರೆಸಿದರು. ಹಾಜಿಯ ಬಗ್ಗೆ ಒಂದು ಮಾತು ಎತ್ತಲಿಲ್ಲ. ಸೀನನ ಹೆಸರನ್ನೂ ಎತ್ತಲಿಲ್ಲ. ದೇವರ ಹೆಸರಿರುವ ಕಾಗದವನ್ನು ಮೀನಿನ ಬುಟ್ಟಿಯಲ್ಲಿ ಹೊತ್ತು ಮಾರಿದ್ದು ಸರಿಯಾ ಎಂದು ಕೇಳಿದರು. ಅಷ್ಟೇ. ಪೊಡಿಯಬ್ಬ ಐದು ಹೊತ್ತು ನಮಾಝು ಬಿಡದ ಮನುಷ್ಯ. ತಲೆ ತಗ್ಗಿಸಿದರು. ತಪ್ಪಾಯಿತು ಎಂದರು. ಜಮಾಅತಿನವರು ಮನೆಮನೆಯಿಂದ ಎಲ್ಲ ಪುಸ್ತಕ ಒಟ್ಟುಮಾಡಿ, ಹರಿದ ಕುರ್‌ಆನಿನ ಹಾಳೆಗಳನ್ನು ಬಿಡುವ ಹಾಗೆಯೇ, ಬಿಳಿ ಬಟ್ಟೆ ಸುತ್ತಿ ಪಯಸ್ವಿನಿ ಹೊಳೆಗೆ ಬಿಟ್ಟರು. ಭಕ್ತಿಯಿಲ್ಲದವನನ್ನು ಅವರಿಗೆ ಹಾಗೆ ಹಿಡಿಯಲು ಆಗುತ್ತಿರಲಿಲ್ಲ. ಆಮೇಲೆ ಪೊಡಿಯಬ್ಬ ಇಪ್ಪತ್ತಾರು ವರ್ಷ ಬದುಕಿದರು, ಒಂದು ಅಕ್ಷರ ಬರೆಯಲಿಲ್ಲ.

ಝುಲೈಖಾರಿಗೆ ಇಷ್ಟು ಗೊತ್ತಿದ್ದದ್ದು ತಾಯಿಯ ಬಾಯಿಂದ. ತಾಯಿ ಬೀಬಿಯ ತಂಗಿ. ವಿಚಿತ್ರವೆಂದರೆ, ಝುಲೈಖಾ ಮದುವೆಯಾದದ್ದು ಹೈದರ್ ಹಾಜಿಯ ಮೊಮ್ಮಗನನ್ನೇ. ಸಣ್ಣ ಸಮುದಾಯ, ಒಳ್ಳೆಯ ಮನೆ, ಬೇಡ ಎನ್ನಲು ಯಾರಿಗೂ ಕಾರಣ ಸಿಗಲಿಲ್ಲ. ಮದುವೆಯ ದಿನ ತಾಯಿ ಆ ಮನೆಯಲ್ಲಿ ಊಟ ಮಾಡಲಿಲ್ಲವಂತೆ. ಹಲ್ಲುನೋವು ಎಂದಳಂತೆ. ಝುಲೈಖಾರ ಮಗನಿಗೆ ಇಟ್ಟ ಹೆಸರೂ ಹೈದರ್. ಸಾಯುವ ಮೊದಲು ತಾಯಿ ಮಗಳಿಗೆ ಹೇಳಿದ್ದು ಒಂದೇ ಮಾತು. ಆ ಪುಸ್ತಕ ಎಲ್ಲಾದರೂ ಸಿಕ್ಕಿದರೆ ಪೂರ್ತಿ ಅಚ್ಚು ಹಾಕಿಸು, ನನ್ನ ಅಕ್ಕನ ಹೆಸರೂ ಸೀನನ ಹೆಸರೂ ಒಂದು ಕಡೆ ಇರಲಿ.

ಸಿಗುತ್ತದೆ ಎಂದು ಅವರೇನೂ ಕಾಯುತ್ತಿರಲಿಲ್ಲ. ಕಳೆದ ವರ್ಷ ಮೇ ತಿಂಗಳಲ್ಲಿ ಮಂಡೆಕೋಲಿನಿಂದ ಸುಪ್ರಿತಾ ಎಂಬ ಹುಡುಗಿ ಹುಡುಕಿಕೊಂಡು ಬಂದಳು. ಸೀನನ ಮರಿಮಗಳು. ಸುಳ್ಯದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಹಳೆಯ ಮನೆಯ ಮಾಡು ಬಿಚ್ಚುವಾಗ ಒಲೆಯ ಮೇಲಿನ ಅಟ್ಟದಲ್ಲಿ ಒಂದು ಬಿದಿರಿನ ಅಂಡೆ ಸಿಕ್ಕಿತ್ತು. ಅದರೊಳಗೆ ಪುಸ್ತಕ. ತೊಂಬತ್ತು ವರ್ಷದ ಹೊಗೆ ಹಿಡಿದದ್ದಕ್ಕೆ ಗೆದ್ದಲು ತಾಗಿರಲಿಲ್ಲ. ಸೀನನಿಗೆ ಓದಲು ಬರುತ್ತಿರಲಿಲ್ಲ. ಓದಲು ಬಾರದವನು ಇಟ್ಟುಕೊಂಡಿದ್ದ.

“ನಿಮ್ಮ ದೊಡ್ಡಮ್ಮನ ಹೆಸರು ಉಂಟು ಅಜ್ಜಿ ಇದರಲ್ಲಿ,” ಎಂದಳು ಸುಪ್ರಿತಾ. “ಓದಿ ವಾಪಸ್ ಕೊಡಿ. ಅವಸರ ಇಲ್ಲ.”

ಝುಲೈಖಾ ಹನ್ನೊಂದು ದಿನ ತೆಗೆದುಕೊಂಡರು. ಅವರ ಕ್ರಮದಂತೆ ಪೂರ್ತಿ ಬರೆದರು. ಬೀಬಿ ತೀರಿಕೊಳ್ಳುವ ಪುಟದಲ್ಲಿ ಎರಡು ದಿನ ನಿಂತೆ ಎಂದರು ನನ್ನ ಹತ್ತಿರ.

ಹನ್ನೆರಡನೆಯ ದಿನ ನಿಝಾಮ್ ಬಂದ. ಗಂಡನ ತಮ್ಮನ ಮಗ, ಎಂದರೆ ಹೈದರ್ ಹಾಜಿಯ ಮರಿಮಗ, ಪುತ್ತೂರಿನಲ್ಲಿ ಟೈಲ್ಸಿನ ದೊಡ್ಡ ಅಂಗಡಿ. ಗುತ್ತಿನ ಮನೆಯ ಈಗಿನ ಕುಡಿ ಶೈಲೇಶನೂ ಅವನೂ ಸೇರಿ ಒಂದು ಸೌಹಾರ್ದ ಸಮಿತಿ ಮಾಡಿದ್ದರು. ವಿಷಯ ತಿಳಿದು ಓಡಿ ಬಂದಿದ್ದ. ಅಜ್ಜನ ಪುಸ್ತಕ ನಾವು ಅಚ್ಚು ಹಾಕಿಸುತ್ತೇವೆ, ದೊಡ್ಡ ಕಾರ್ಯಕ್ರಮ ಮಾಡುತ್ತೇವೆ ಎಂದ. ಝುಲೈಖಾರಿಗೆ ತಾಯಿಯ ಮಾತು ನೆನಪಾಗಿ ಕಣ್ಣು ತುಂಬಿತು. ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಕೊಡುವಾಗ ಹೇಳಿದರು: “ಆ ಹುಡುಗಿಗೆ ವಾಪಸ್ ಕೊಡ್ಲಿಕ್ಕುಂಟು. ಮೇಲೆ ಬಿಸ್ಮಿ ಉಂಟು ನೋಡು, ಅಗೌರವ ಆಗ್ಬಾರ್ದು.”

ಆ ಕೊನೆಯ ಮಾತು ಯಾಕಾದರೂ ಹೇಳಿದೆನೋ ಎಂದು ಅವರು ಈಗ ಅನ್ನುತ್ತಾರೆ.

ಎರಡು ತಿಂಗಳ ಮೇಲೆ ನಿಝಾಮ್, ಶೈಲೇಶ್ ಇಬ್ಬರೂ ಒಂದೇ ಕಾರಿನಲ್ಲಿ ಬಂದರು. ಅಚ್ಚಿಗೆ ಹೋಗುವ ಮೊದಲಿನ ಕರಡು ತಂದಿದ್ದರು. ಮನೆಯವರ ಒಪ್ಪಿಗೆಯ ಸಹಿ ಬೇಕು, ಒಂದು ಫೋಟೊ ಬೇಕು. ಝುಲೈಖಾ ನೋಟ್‌ಬುಕ್ ತೆಗೆದು ಕರಡನ್ನು ಬರೆಯಲು ಕೂತರು. ಆ ಸಂಗತಿಯನ್ನು ನನಗೆ ಹೇಳುವಾಗ ನುಸ್ರತ್‌ಗೆ ನಗು ತಡೆಯಲಿಲ್ಲ. ಇಬ್ಬರೂ ಎರಡು ಸಲ ಚಹಾ ಕುಡಿದರು. ಶೈಲೇಶ್ ಅಂಗಳದಲ್ಲಿ ಫೋನು ಹಿಡಿದು ನಡೆದಾಡಿದ.

“ಸಹಿ ಹಾಕಿದ್ರೆ ಸಾಕು ಮೂತಮ್ಮ,” ಎಂದ ನಿಝಾಮ್. ದೊಡ್ಡಮ್ಮನನ್ನು ನಮ್ಮವರು ಹಾಗೆ ಕರೆಯುತ್ತಾರೆ. “ಓದುದೆಂತ ಇಲ್ಲ, ನಿಮಗೆ ಗೊತ್ತಿದ್ದದ್ದೇ.”

“ಓದದೆ ಸಹಿ ಹಾಕ್ಬೇಡಿ ಅಂತ ಅಜ್ಜ ಬರ್ದಿದ್ದಾರೆ. ಎರಡನೇ ಪುಸ್ತಕದಲ್ಲಿ, ನಮ್ಮ ತಾಯಿ ಹೇಳ್ತಿದ್ರು.”

ಮೊದಲೇ ಒಮ್ಮೆ ಬರೆದದ್ದಾದ್ದರಿಂದ ಮೂರು ಗಂಟೆಯಲ್ಲಿ ಬರೆದು ಮುಗಿಯಿತು. ಝುಲೈಖಾ ಕರಡನ್ನು ತಿರುಗಿಸಿ ನೋಡಿದರು. ಮುಂದೆ ಪುಟವಿರಲಿಲ್ಲ.

“ಸೀನ ಎಲ್ಲಿ?”

“ಯಾವ ಸೀನ?”

“ಬೀಬಿಯನ್ನು ಹೊತ್ತವ.”

“ಓ, ಅದಾ,” ಎಂದ ನಿಝಾಮ್. “ಅದು ಸ್ವಲ್ಪ ಉದ್ದ ಆಯ್ತು. ಈಗ ಜನ ಅಷ್ಟೆಲ್ಲ ಓದುದಿಲ್ಲ.”

“ನಾನು ಹನ್ನೊಂದು ದಿನ ಕೂತು ಓದಿದ್ದೇನೆ.”

ಶೈಲೇಶ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಒಳ್ಳೆಯ ಮಾತಿನ ಮನುಷ್ಯ ಅವನು. “ಅಜ್ಜಿ, ನೀವು ಬೇಜಾರು ಮಾಡ್ಬೇಡಿ. ಅದರಲ್ಲಿ ನಮ್ಮ ಸಂಕಪ್ಪಜ್ಜನ ಹೆಸರು ಇತ್ತು. ಶಾಲೆಗೆ ಜಾಗ ಕೊಟ್ಟವರು ಅವರು, ಹೆಸರು ದ್ವಾರದ ಮೇಲೆ ಉಂಟು. ನಿಮ್ಮ ಹಾಜಿಯವರ ಹೆಸರೂ ಇತ್ತು. ನಾನು ನಿಝಾಮಣ್ಣನಿಗೆ ಹೇಳಿದೆ, ನಮ್ಮದನ್ನು ನಾವು ತೆಗೀತೇವೆ, ನಿಮ್ಮದನ್ನು ನೀವು ತೆಗೀರಿ ಅಂತ. ಒಂದು ಮಾತು ಜಗಳ ಆಗ್ಲಿಲ್ಲ ನಮ್ಮೊಳಗೆ.”

“ಅದೇ ಅಲ್ವಾ ಐಕ್ಯ ಅಂದ್ರೆ,” ಎಂದು ನಿಝಾಮ್ ನಕ್ಕ. “ಅಜ್ಜ ಇದ್ದಿದ್ರೆ ಖುಷಿಪಡ್ತಿದ್ರು.”

ಉಳಿದದ್ದು ನಾಲ್ಕು ಪುಟ. ಎಲ್ಲರೂ ಒಂದೇ ಹೊಳೆಯ ನೀರು ಕುಡಿಯುವವರು, ಎಲ್ಲರೂ ಒಂದೇ ಮಣ್ಣಿನವರು. ಬಾಯಿ ಚಪ್ಪರಿಸುವ ಮಾತುಗಳು. ಆ ಮಾತುಗಳನ್ನು ಹೇಳುವ ಹಕ್ಕನ್ನು ಪೊಡಿಯಬ್ಬ ಉಳಿದ ಹನ್ನೆರಡು ಪುಟಗಳಲ್ಲಿ ಗಳಿಸಿದ್ದರು. ಇವರು ಆ ಹನ್ನೆರಡನ್ನು ಕಿತ್ತು ಹಾಕಿದ್ದರು.

“ಹಳೆ ಪುಸ್ತಕ ಕೊಡು,” ಎಂದರು ಝುಲೈಖಾ. “ಆ ಹುಡುಗಿಗೆ ಕೊಡ್ಬೇಕು.”

ನಿಝಾಮ್ ಶೈಲೇಶನ ಮುಖ ನೋಡಿದ. ಆಮೇಲೆ ಹೇಳಿದ: “ಅದು ಮುಟ್ಟಿದ್ರೆ ಪುಡಿ ಆಗ್ತಿತ್ತು ಮೂತಮ್ಮ. ನೀವೇ ಹೇಳಿದ್ರಲ್ಲ, ಬಿಸ್ಮಿ ಉಂಟು, ಅಗೌರವ ಆಗ್ಬಾರ್ದು ಅಂತ. ಮಸೀದಿಯಲ್ಲಿ ಕುರ್‌ಆನಿನ ಹರಿದ ಮುಸ್‌ಹಫ್‌ಗಳನ್ನು ಒಟ್ಟು ಮಾಡಿದ್ರು. ಅದರ ಜೊತೆ ಇಟ್ಟು, ಗೌರವದಿಂದ, ಉಪ್ಪಿನಂಗಡಿ ಹೊಳೆಗೆ ಬಿಟ್ಟದ್ದು. ನಾನೇ ನಿಂತಿದ್ದೆ.”

ಝುಲೈಖಾ ಸಹಿ ಹಾಕಲಿಲ್ಲ. ಬೈಯಲೂ ಇಲ್ಲ. ಅವರೂ ಬದುಕಿಡೀ ಹರಿದ ಹಾಳೆಗಳನ್ನು ಹೀಗೆಯೇ ಬಟ್ಟೆ ಸುತ್ತಿ ಹೊಳೆಗೆ ಕಳಿಸಿದವರು. ಅದು ಒಳ್ಳೆಯ ಕೆಲಸ. ನಾನೂ ಮಾಡಿದ್ದೇನೆ. ಒಳ್ಳೆಯ ಕೆಲಸವನ್ನು ಚೂರಿಯ ಹಾಗೆ ಹಿಡಿಯುವವರನ್ನು ಕಂಡಾಗ ಬರುವುದು ಸಿಟ್ಟಲ್ಲ, ಹೇಸಿಗೆ. ಅವರು ಹೋದ ಮೇಲೆ ಝುಲೈಖಾ ಇಬ್ಬರೂ ಕುಡಿದ ಲೋಟಗಳನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದರಂತೆ. ಲೋಟದ ಮೇಲೆ ಎಂತ ಸಿಟ್ಟು ಎಂದು ನುಸ್ರತ್ ಕೇಳಿದಳಂತೆ.

ಮರುವಾರ ಅವರು ಬಸ್ಸು ಹಿಡಿದು ಸುಳ್ಯಕ್ಕೆ ಹೋಗಿ ಸುಪ್ರಿತಾಳಿಗೆ ವಿಷಯ ಹೇಳಿದರು. ಲ್ಯಾಬಿನ ಹಿಂದಿನ ಮೆಟ್ಟಿಲಲ್ಲಿ ಕೂತು ಹೇಳಿದ್ದು. ಹುಡುಗಿ ಫೋನು ತೆಗೆದು ನೋಡಿದಳು. ಅದರಲ್ಲಿ ಮುಖಪುಟದ ಒಂದು ಚಿತ್ರ ಇತ್ತು, ಸ್ಟೇಟಸ್‌ಗೆ ಹಾಕಿದ್ದು. ಒಳಗಿನದ್ದು ಯಾವುದೂ ಇರಲಿಲ್ಲ.

“ನಿಮ್ಮ ದೇವರ ಹೆಸರು ಉಂಟು ಅಂತ ಹೊಳೆಗೆ ಹಾಕಿದ್ದಾ?” ಎಂದಳು. “ನಮ್ಮಜ್ಜನ ಹೆಸರೂ ಇತ್ತಲ್ಲ ಅಜ್ಜಿ ಅದರಲ್ಲಿ.”

ಝುಲೈಖಾ ತಾನು ಬರೆದಿಟ್ಟ ನೋಟ್‌ಬುಕ್ ಉಂಟು ಎಂದರು. ಹಾಗಾದರೆ ಅದನ್ನಾದರೂ ನನಗೆ ಕೊಡಿ ಎಂದಳು ಸುಪ್ರಿತಾ. ಅಲ್ಲಿ ಝುಲೈಖಾರ ನಾಲಿಗೆ ತಡವರಿಸಿತು.

“ಕೊಡ್ಬಹುದಿತ್ತು ಮಗಾ. ಅದರಲ್ಲೂ ಮೇಲೆ ಬಿಸ್ಮಿ ಬರ್ದಿದ್ದೇನೆ. ನಿಮ್ಮ ಮನೆಯಲ್ಲಿ ಅದು ಹೇಗೆ...”

ಸುಪ್ರಿತಾ ಎದ್ದು ನಿಂತಳು. “ನಮ್ಮ ಮನೆಯಲ್ಲಿ ತೊಂಬತ್ತು ವರ್ಷ ಇತ್ತು ಅಜ್ಜಿ ಅದು. ಯಾರೂ ಮೆಟ್ಟಿಲ್ಲ,” ಎಂದಳು. ಡ್ಯೂಟಿ ಉಂಟು ಎಂದು ಒಳಗೆ ಹೋದಳು.

ಇದನ್ನು ಹೇಳುವಾಗ ಝುಲೈಖಾ ನನ್ನ ಮುಖ ನೋಡಲಿಲ್ಲ. “ನಿಝಾಮನ ಮೇಲೆ ಎಷ್ಟು ಅಸಹ್ಯ ಬಂದಿತ್ತೋ, ಆ ಮೆಟ್ಟಿಲಲ್ಲಿ ನನ್ನ ಮೇಲೆ ಅಷ್ಟೇ ಬಂತು ಮಗಳೇ. ಗೋರಿಯ ಬದಿಯಲ್ಲಿ ಸೀನನನ್ನು ತಡೆದವರ ಬಾಯಿಯೇ ನನ್ನ ಬಾಯಿ ಆಯ್ತಲ್ಲ.”

ಅವರ ಸಹಿಯಿಲ್ಲದೆಯೇ ಪುಸ್ತಕ ಅಚ್ಚಾಯಿತು. ಪುತ್ತೂರಿನ ಕಾರ್ಯಕ್ರಮಕ್ಕೆ ಅವರು ಹೋಗಲಿಲ್ಲ. ನಾನು ಹೋಗಿದ್ದೆ. ವೇದಿಕೆಯ ಮೇಲೆ ನಿಝಾಮನೂ ಶೈಲೇಶನೂ ಒಬ್ಬರ ಬಾಯಿಗೆ ಒಬ್ಬರು ಹಲ್ವ ಇಟ್ಟರು. ಫೋಟೊದವನು ಸರಿ ಬರಲಿಲ್ಲ, ಇನ್ನೊಮ್ಮೆ ಎಂದ. ಇನ್ನೊಮ್ಮೆ ಇಟ್ಟರು. ಭಾಷಣ ಮಾಡಿದ ಆರು ಮಂದಿಯೂ ಪೊಡಿಯಬ್ಬರನ್ನು ಐಕ್ಯದ ಹರಿಕಾರ ಎಂದರು. ಆರರಲ್ಲಿ ಒಬ್ಬರೂ ಬೀಬಿ ಎನ್ನಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ನಾಲ್ಕು ಪುಟದ ಆ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ನನಗೂ ಒಂದು ತುಂಡು ಹಲ್ವ ಬಂತು. ಬಾಯಿಗೆ ಹಾಕಿದ್ದನ್ನು ನುಂಗಲಾಗದೆ ಹೊರಗೆ ಹೋಗಿ ಉಗಿದು ಬಂದೆ. ಅನ್ನಕ್ಕೆ ಅಂಥ ಅವಮಾನ ನಾನು ಎಂದೂ ಮಾಡಿದವಳಲ್ಲ.

ಕಾರ್ಯಕ್ರಮದ ಮೂರನೆಯ ದಿನ ನಾನು ಕೋಡಿಂಬಾಳದಲ್ಲೇ ಇದ್ದೆ. ಮಧ್ಯಾಹ್ನದ ಲುಹರ್ ನಮಾಝು ಮುಗಿಸಿ ಮಾತಾಡುತ್ತಾ ಕೂತಿದ್ದೆವು. ನಿಝಾಮ್ ಬಂದ. ಝುಲೈಖಾರಿಗೆ ಹೊದಿಸಬೇಕೆಂದಿದ್ದ ಶಾಲನ್ನು ಮನೆಗೇ ತಂದಿದ್ದ. ಕೆಂಪು ಶಾಲು, ಜರಿಯಂಚು. ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತ.

“ಮೂತಮ್ಮ, ನೀವು ಬರ್ದ ಒಂದು ಬುಕ್ ಉಂಟಂತಲ್ಲ.”

“ಉಂಟು.”

“ಆ ಹುಡುಗಿ ಯಾರ್ಯಾರ ಹತ್ತಿರವೋ ಹೇಳ್ತಾ ಇದ್ದಾಳೆ. ಅದು ಮೂಲ ಪುಸ್ತಕ ಅಲ್ಲ. ನೀವು ಬರ್ದದ್ದು. ಯಾರೂ ನಂಬುದಿಲ್ಲ. ಆದ್ರೂ ಸುಮ್ಮನೆ ಮಾತಾಗ್ತದೆ.”

“ನಂಬದಿದ್ರೆ ನಿನಗೆಂತ ತೊಂದರೆ?”

“ತೊಂದರೆ ಎಂತ ಇಲ್ಲ.” ಸ್ವಲ್ಪ ಹೊತ್ತು ಶಾಲಿನ ಅಂಚು ಸವರಿದ. “ಅದರಲ್ಲೂ ಬಿಸ್ಮಿ ಉಂಟಲ್ಲ. ನಾಳೆ ನಿಮ್ಮ ಕಾಲ ಮುಗಿದ ಮೇಲೆ ಯಾರಾದ್ರೂ ಗುಜರಿಗೆ ಹಾಕಿದ್ರೆ ಅದರ ಪಾಪ ಯಾರಿಗೆ? ನನ್ನ ಹತ್ತಿರ ಕೊಡಿ. ಗೌರವದಿಂದ ಇಡ್ತೇನೆ.”

“ಹೊಳೆಯಲ್ಲಿಯಾ?” ಎಂದಳು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ನುಸ್ರತ್.

“ನೀನು ಮಾತಾಡ್ಬೇಡ,” ಎಂದ ನಿಝಾಮ್.

ಝುಲೈಖಾ ಎದ್ದು ಒಳಗೆ ಹೋದರು. ನೀರಿನ ಸದ್ದು ಕೇಳಿತು. ನಮಾಝಿಗೆ ಮಾಡುವ ಹಾಗೆ ಕೈಕಾಲು ಮುಖ ತೊಳೆದು ಬಂದರು. ಕೈಯಲ್ಲಿ ನೋಟ್‌ಬುಕ್ ಇತ್ತು, ಒಂದು ಬ್ಲೇಡೂ ಇತ್ತು. ಮೊದಲ ಪುಟ ಬಿಚ್ಚಿ ಹೊಲಿಗೆಯ ಉದ್ದಕ್ಕೂ ನಿಧಾನವಾಗಿ ಬ್ಲೇಡು ಎಳೆದರು. ಆ ಪುಟದಲ್ಲಿ ಇದ್ದದ್ದು ಬಿಸ್ಮಿಯ ಒಂದು ಸಾಲು ಮಾತ್ರ. ಹಾಳೆ ಒಂದಿಷ್ಟೂ ಹರಿಯದೆ ಬಿಟ್ಟಿತು. ಅದನ್ನು ಹಣೆಗೆ ಮುಟ್ಟಿಸಿ ನಿಝಾಮನಿಗೆ ಚಾಚಿದರು.

“ಗೌರವ ಮಾಡ್ಬೇಕಾದ್ದು ಇದು. ತಕೋ,” ಎಂದರು. “ಉಳಿದ ಪುಟದಲ್ಲಿ ಅಜ್ಜ ದೇವರನ್ನು ಎಲ್ಲಿಯೂ ಕರೀಲಿಲ್ಲ. ಮನುಷ್ಯರು ಮಾಡಿದ್ದಕ್ಕೆ ಮನುಷ್ಯರನ್ನೇ ಕೇಳಿದ್ದಾರೆ. ಅದರಲ್ಲಿ ಇರುದು ಬರೇ ಮನುಷ್ಯರ ಹೆಸರು. ಅದಕ್ಕೆ ನಿಮ್ಮ ಗೌರವ ಬೇಡ.”

ನಿಝಾಮ್ ತೆಗೆದುಕೊಳ್ಳದಿರಲು ಆಗಲಿಲ್ಲ. ಎರಡೂ ಕೈ ಒಡ್ಡಿ ತೆಗೆದುಕೊಂಡ. ಮಡಚುವ ಹಾಗಿಲ್ಲ, ಪ್ಯಾಂಟಿನ ಜೇಬಿಗೆ ಹಾಕುವ ಹಾಗಿಲ್ಲ, ಕೆಳಗಿಡುವ ಹಾಗಿಲ್ಲ. ಸುತ್ತ ನೋಡಿದ.

“ಒಂದು ಕವರ್ ಉಂಟಾ?”

“ಶಾಲು ಉಂಟಲ್ಲ,” ಎಂದರು ಝುಲೈಖಾ. “ಅದರಲ್ಲೇ ಸುತ್ತು. ಒಳ್ಳೆ ಬಟ್ಟೆ.”

ಶಾಲಿನಲ್ಲಿ ಹಾಳೆಯನ್ನು ಸುತ್ತಿ ಎದೆಗೆ ಹಿಡಿದುಕೊಂಡು ಅವನು ಮೆಟ್ಟಿಲಿಳಿದ. ಕಾರಿನ ಬಾಗಿಲು ತೆರೆಯಲು ಕೈ ಬಿಡುವಿಲ್ಲದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ನುಸ್ರತ್ ಹೋಗಿ ತೆರೆದು ಕೊಟ್ಟಳು.

ಝುಲೈಖಾ ಕೂತಲ್ಲಿಂದ ಏಳಲಿಲ್ಲ. ತಾನು ಮಾಡಿದ್ದು ತಪ್ಪಾ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅವರು ತಲೆಯಾಡಿಸಿ, ಬಿಸಿಲಿಗೆ ಇಟ್ಟ ಹಪ್ಪಳ ಎತ್ತಿದೆಯಾ ಎಂದು ಸೊಸೆಯನ್ನು ವಿಚಾರಿಸಿದರು. ಆಮೇಲೆ ನೋಟ್‌ಬುಕ್ಕನ್ನು ಒಂದು ಸಾದಾ ಕೈಚೀಲಕ್ಕೆ, ಕನ್ನಡಕದ ಡಬ್ಬಿಯ ಮತ್ತು ನೀರಿನ ಬಾಟಲಿಯ ನಡುವೆ, ಹಾಕಿದರು.

“ಬೆಳಿಗ್ಗೆ ಸುಳ್ಯಕ್ಕೆ ಮೊದಲ ಬಸ್ ಎಷ್ಟು ಹೊತ್ತಿಗೆ?” ಎಂದರು. “ಅವಳು ಡ್ಯೂಟಿಗೆ ಹೋಗುವ ಮೊದಲು ನಾನು ಅಲ್ಲಿಗೆ ಮುಟ್ಟಬೇಕು.”